ಅವ್ವನ ಗದ್ದುಗೆ ಮತ್ತು ಇನ್ನೂರ ಇಪ್ಪತ್ತರ ಕಾಯಿಲ್

ಸ್ಟಾರ್ಟರಿಗೆ ಎಷ್ಟು ವೋಲ್ಟಿನ ಕಾಯಿಲ್ ಹಾಕಬೇಕೆಂದು ಹೆಂಡತಿಯ ಮಾತು ಕೇಳುವ ಗಂಡಸು ಅಗರಖೇಡದಲ್ಲಿ ಇನ್ನೂ ಹುಟ್ಟಿಲ್ಲ. ನಾನೇ ಮೊದಲಿಗನಾಗಿದ್ದರೆ ಇವತ್ತು ನನ್ನ ಬಾಯಲ್ಲಿ ತಂಬಾಕು ಇರುತ್ತಿತ್ತು.

ನಿಂಬೆ ತೋಟದ ಪಂಪಿನ ಸ್ಟಾರ್ಟರಿನೊಳಗೆ ಮೋಟಾರನ್ನು ಹತ್ತಿಸುವ ಕಾಯಿಲ್ ಸುಟ್ಟಿತ್ತು. ಇಂಡಿ ಪೇಟೆಯ ಅಂಗಡಿಯಲ್ಲಿ ಯಾಕೂಬಸಾಬ, "ನಾಕನೂರಾ ನಲವತ್ತರದು ಕೊಡ್ಲೋ, ಇನ್ನೂರಾ ಇಪ್ಪತ್ತರದೋ, ಶಂಕರೆಪ್ಪಣ್ಣಾರ?" ಎಂದ.

"ಮೊದಲಿಂದು ನಾಕನೂರಾ ನಲವತ್ತರದ ಇತ್ತಲ್ರಿ" ಎಂದಳು ಜೊತೆಗಿದ್ದ ನನ್ನ ರಾಜೇಶ್ವರಿ.

"ನೀ ಸುಮ್ಕಿರು. ಶಾಕ್ ಹೊಡದ್ರ ಅರ್ಧಾ ಹೊಡೀಲಿ" ಎಂದು ವಿದ್ಯುತ್ ಶಾಸ್ತ್ರ ಬೋಧಿಸಿ ಇನ್ನೂರ ಇಪ್ಪತ್ತರದನ್ನೇ ಎತ್ತಿಕೊಂಡೆ.

"ಅದಕ್ಕ ನ್ಯೂಟ್ರಲ್ ಬೇಕ್ರಿ. ಹೊಲದಾಗ ಐತೇನು?" ಎಂದ ಯಾಕೂಬಸಾಬ.

"ಭೂಮಿತಾಯಿ ಅದಾಳಲ್ಲ."

ನಮ್ಮ ಹೊಲಕ್ಕೆ ಬರುವುದು ಮೂರೇ ತಂತಿ. ನ್ಯೂಟ್ರಲ್ ಎಂಬ ನಾಲ್ಕನೆಯದರ ಬದಲು ನೆಲಕ್ಕೊಂದು ಕಬ್ಬಿಣದ ಸಲಾಕೆ ಬಡಿದು ಕಾಯಿಲ್ಲಿನ ತಂತಿ ಅದಕ್ಕೆ ಕಟ್ಟಿದೆ (ನಗಬೇಡಿ, ಅರ್ಧ ಊರು ಹಾಗೇ ಮಾಡುತ್ತದೆ). ನೆಲವೆಲ್ಲ ಗಟ್ಟಿ ಗರಸು. ಮಣ್ಣು ಮೆತ್ತಗಿದ್ದದ್ದು ಪಂಪಿನ ಮನೆಯ ಬದಿಗೆ ನಮ್ಮವ್ವ ಲಕ್ಕವ್ವನನ್ನು ಮಣ್ಣು ಮಾಡಿದ ಗದ್ದುಗೆಯ ಪಕ್ಕದಲ್ಲಿ ಮಾತ್ರ. ಅಲ್ಲೇ ಬಡಿದೆ.

ಬೇಸಿಗೆ ಬಂತು. ಮೋಟಾರು ಒಂದು ದಿನ ಹತ್ತಿದರೆ ನಾಲ್ಕು ದಿನ ಹತ್ತದಾಯಿತು. ಒಂದು ಸಂಜೆ ಹಸಿರು ಬಟನ್ ಒತ್ತಿದರೆ ಮೋಟಾರು ಹತ್ತಲಿಲ್ಲ. ತಗಡಿನ ಡಬ್ಬಿಯೊಳಗಿಂದ "ಹ್ಞೂಂ..." ಎಂಬ ದನಿ ಬಂತು. ಕೈ ತೆಗೆದೆ, ನಿಂತಿತು. ಒತ್ತಿದೆ, ಮತ್ತೆ "ಹ್ಞೂಂ..." ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅವ್ವ ಬದುಕಿದ್ದಾಗ ಏನು ಕೇಳಿದರೂ ಹೀಗೇ ಅನ್ನುತ್ತಿದ್ದಳು. ಬಟನ್ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ. ಇತ್ತ ನೀರಿಲ್ಲದೆ ನಿಂಬೆಯ ಪೀಚುಗಳು ಉದುರುತ್ತಿದ್ದವು. ಇನ್ನೊಂದು ವಾರ ಹೀಗೇ ಹೋದರೆ ವರ್ಷದ ಫಸಲೇ ಮುಗಿಯುತ್ತಿತ್ತು.

"ಅತ್ತಿ ಸಿಟ್ಟಾಗ್ಯಾರ" ಎಂದಳು ರಾಜೇಶ್ವರಿ, ಕೊಡ ಹಿಡಿದು ಗದ್ದುಗೆಯ ಮುಂದೆ ನಿಂತು. "ನೀವು ಬಟನ್ ಒತ್ತಿ ಹಿಡೀರಿ, ನಾ ಕೇಳ್ತೇನಿ."

ನಿಧಾನಕ್ಕೆ ನೀರು ಸುರಿಯತೊಡಗಿದಳು. "ಅತ್ತಿ, ನಿಮ್ಮ ಮಗ ತಂಬಾಕು ಬಿಡಬೇಕೇನ್ರಿ?"

"ಹ್ಞೂಂ..." ಎಂದಿತು ಡಬ್ಬಿ. ಆಮೇಲೆ ಖಟ್ ಎಂದು ಮೋಟಾರು ಹತ್ತಿತು.

ಗದ್ದುಗೆ ಮುಟ್ಟಿ ಆಣೆ ಮಾಡಿದೆ. ಮರುದಿನ ಅವಳು ಕೇಳಿದ್ದು, "ಅತ್ತಿ, ಇವರ ಅರಿವಿ ಇವರ ಒಕ್ಕೋಬೇಕೇನ್ರಿ?" ಹ್ಞೂಂ, ಖಟ್. ಬಟ್ಟೆ ಒಗೆಯುವುದೂ ನನ್ನ ಪಾಲಿಗೆ ಬಂತು. ಬದುಕಿರುವವರೆಗೆ ಸೊಸೆಯ ಒಂದು ಮಾತಿಗೂ ಒಪ್ಪದ ಅವ್ವ ಈಗ ಎಲ್ಲದಕ್ಕೂ ಒಪ್ಪುತ್ತಿದ್ದಳು. ನನಗೆ ಆಗಲೇ ಸಂಶಯ ಬರಬೇಕಿತ್ತು.

ಸಂಶಯ ಬಂದದ್ದು ಅಕಾಲದ ಅಡ್ಡಮಳೆ ಸುರಿದ ಮರುದಿನ. ಯಾರೂ ಏನೂ ಕೇಳಲಿಲ್ಲ, ಯಾರೂ ನೀರು ಹಾಕಲಿಲ್ಲ. ಬಟನ್ ಒತ್ತಿದೆ, ಮೋಟಾರು ಹತ್ತಿತು. ಹಸಿ ಮಣ್ಣಿನಲ್ಲಿ ನೆಟ್ಟ ಸಲಾಕೆಯನ್ನೇ ನೋಡುತ್ತ ನಿಂತೆ. ಮಣ್ಣು ಒಣಗಿದರೆ ಕರೆಂಟು ಸರಿಯಾಗಿ ಹರಿಯದೆ ಕಾಯಿಲ್ಲಿಗೆ ಬಲವಿಲ್ಲ, ನೆನೆದರೆ ಬಲ. ಅವತ್ತೇ ನಾನೂರ ನಲವತ್ತರದನ್ನು ತಂದು ಹಾಕಿ ಸಲಾಕೆ ಕಿತ್ತೆಸೆದೆ.

"ನಿನಗ ಮೊದಲ ಗೊತ್ತಿತ್ತೇನು?"

"ಗದ್ದಗಿ ಮ್ಯಾಲಿನ ಹೂವಿನ ಗಿಡಕ್ಕ ನೀರ ಹಾಕಿದ ದಿನಾನ ಮೋಟಾರ್ ಹತ್ತತಿತ್ತು. ನಾ ಏನ್ ಕುರುಡೇನ್ರಿ?"

ಮೋಸದಿಂದ ಪಡೆದ ಆಣೆ ಆಣೆಯೇ ಅಲ್ಲ. ಸಂಜೆ ಮೋಟಾರು ಓಡುತ್ತಿದ್ದಾಗ ನಿಂಬೆ ಗಿಡದ ಮರೆಯಲ್ಲಿ ಕುಳಿತು, ತಂಬಾಕು ತಿಕ್ಕಿ ತುಟಿಗಿಟ್ಟೆ.

ಮೋಟಾರು ನಿಂತಿತು.

ಪಂಪಿನ ಮನೆಯ ದೀಪ ಉರಿಯುತ್ತಲೇ ಇತ್ತು. ಕರೆಂಟು ಹೋಗಿರಲಿಲ್ಲ. ಹಕ್ಕಿಗಳೂ ಸುಮ್ಮನಿದ್ದವು. ಕತ್ತಲಾಗುತ್ತಿದ್ದ ತೋಟದಲ್ಲಿ ಗದ್ದುಗೆಯ ಕಡೆಯಿಂದ ಸ್ಪಷ್ಟವಾಗಿ "ಹ್ಞೂಂ..." ಎಂಬ ದನಿ ಕೇಳಿತು. ಉಗುಳಿ, ಚಪ್ಪಲಿ ಬಿಟ್ಟು, ಸ್ಟಾರ್ಟರಿನತ್ತ ಓಡಿದೆ.

ಅಲ್ಲಿ ರಾಜೇಶ್ವರಿ ಕೆಂಪು ಬಟನ್ ಮೇಲೆ ಹೆಬ್ಬೆರಳಿಟ್ಟು, ಅವ್ವನ ಹಾಗೆಯೇ "ಹ್ಞೂಂ..." ಎನ್ನುತ್ತ ನಿಂತಿದ್ದಳು.

"ಅತ್ತಿ ದಣದಾರ, ಮಲಗ್ಲಿ ಬಿಡ್ರಿ. ಇನ್ನ ಮ್ಯಾಲ ನಾನ ನೋಡ್ಕೋತೇನಿ. ತಿಳೀತಿಲ್ಲೋ?"

"ಹ್ಞೂಂ" ಎಂದೆ ನಾನು.