ಹೆವಿ ಲೈಸೆನ್ಸಿಗೆ ನಾನು ಜೊತೆಗೆ ಹೋದದ್ದು

ಯಾರದ್ದಾದರೂ ಕಾಗದಪತ್ರ ಮಾಡಿಸಲಿಕ್ಕೆ ನಾನು ಜೊತೆಗೆ ಹೋದರೆ ನಗುವಂಥದ್ದು ಒಂದಾದರೂ ಆಗದೆ ಇರುವುದಿಲ್ಲ. ಅದು ನನ್ನ ಜಾತಕವೋ ಆಫೀಸುಗಳ ಜಾತಕವೋ ಗೊತ್ತಿಲ್ಲ. ನಾನು, ಊರಿನವರು ಬಾಯಮ್ಮ ಅಂತ ಕರೆಯುವ ಕ್ರಿಶ್ಚನ್ ಹೆಂಗಸು, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಓದುವುದೆಂದರೆ ಅಕ್ಷರಕ್ಕೊಮ್ಮೆ ನಿಂತು ನಿಂತು. ಆದರೆ ನೋಡಲಿಕ್ಕೆ, ಕೇಳಲಿಕ್ಕೆ ಶಾಲೆ ಎಂತಕ್ಕೆ?

ಐದಾರು ವರ್ಷದ ಹಿಂದಿನ ಮಾತು. ನನ್ನ ತಂಗಿಯ ಮಗಳು, ನನ್ನನ್ನು ಮಾವ್ಶಿ ಅನ್ನುವವಳು, ನಮ್ಮ ಪಕ್ಕದ ಮನೆಯಲ್ಲೇ ಇರುವುದು, ನಡುವೆ ಒಂದೇ ಗೋಡೆ. ಅವಳ ಗಂಡ ಲಾರಿ ಓಡಿಸುತ್ತಿದ್ದ. ಬೆನ್ನು ಕೆಟ್ಟು, ಇನ್ನು ಸೀಟಿನಲ್ಲಿ ಕೂರಬಾರದು ಅಂತ ಡಾಕ್ಟರು ಹೇಳಿದ ಮೇಲೆ ಮನೆಯಲ್ಲೇ ಕೂತ. ಎರಡು ಮಕ್ಕಳು. ಹುಡುಗಿಗೆ ಕಾರಿನ ಲೈಸೆನ್ಸ್ ಇತ್ತು, ಗಂಡನ ಪಕ್ಕ ಕೂತು ಲಾರಿಯೂ ಕಲಿತಿದ್ದಳು. ನಮ್ಮ ಸಿಸ್ಟರುಗಳ ಶಾಲೆಗೆ ಬಸ್ಸಿನ ಡ್ರೈವರ್ ಬೇಕಾಗಿತ್ತು. ಹೋಗಿ ಕೇಳಿದಳು. ಅಲ್ಲಿಯ ದೊಡ್ಡ ಸಿಸ್ಟರ್, ಮದರ್, ಅವಳನ್ನು ಮೇಲಿನಿಂದ ಕೆಳಗೆ ನೋಡಿ, "ಹೆಂಗಸಾದರೆ ನಮಗೂ ಒಳ್ಳೆಯದೇ. ಆದರೆ ಶಾಲೆ ಸುರುವಾಗುವ ದಿನ ಹೆವಿ ಲೈಸೆನ್ಸೂ ಬ್ಯಾಡ್ಜೂ ನನ್ನ ಮೇಜಿನ ಮೇಲೆ ಇರಬೇಕು. ಇಲ್ಲದಿದ್ದರೆ ಆ ಪಿಕಪ್ಪಿನವನಿಗೆ ಕೊಡ್ತೇನೆ" ಅಂದರು.

ಪಿಕಪ್ಪಿನವನು ಅಂದರೆ ಪಿಕಪ್ ವ್ಯಾನು ಓಡಿಸುವ ನಮ್ಮ ಓಣಿಯವನೇ. ಕೆಲಸ ಸಿಗುವ ಮೊದಲೇ ಖಾಕಿ ಅಂಗಿ ಹೊಲಿಸಿ, ಇಸ್ತ್ರಿ ಮಾಡಿ, ಹ್ಯಾಂಗರಿನಲ್ಲಿ ನೇತು ಹಾಕಿದ್ದ.

"ಮಾವ್ಶಿ, ನೀವು ಮನೆಯಲ್ಲಿರಿ. ನಾನೊಬ್ಬಳೇ ಹೋಗಿ ಎಲ್ಲ ಮಾಡಿಸಿಕೊಂಡು ಬರ್ತೇನೆ" ಅಂದಳು ಹುಡುಗಿ.

ಅಷ್ಟು ಹೊತ್ತಿಗೆ ನಾನು ಸೀರೆ ಉಟ್ಟು ಕೊಡೆ ಹಿಡಿದು ಮೆಟ್ಟಿಲಿಳಿದು ಆಗಿತ್ತು.

ಗೋಡೆಯ ಮೇಲಿನ ಅಕ್ಷರ

ಮೊದಲಿಗೆ ಕಣ್ಣಿನ ಪರೀಕ್ಷೆ. ಪೇಟೆಯ ಒಂದು ಕ್ಲಿನಿಕ್ಕು. ಡಾಕ್ಟರರಿಗೆ ಆ ದಿನ ತಲೆಬಿಸಿ, ಯಾಕೆಂದರೆ ಕಂಪೌಂಡರ್, ತನ್ನ ಅಜ್ಜಿ ತೀರಿಕೊಂಡರು ಅಂತ ಹೇಳಿ, ರಜೆ ಹಾಕಿದ್ದ. ಹುಡುಗಿಯ ಒಂದು ಕಣ್ಣು ಮುಚ್ಚಿಸಿ ಗೋಡೆಯ ಬೋರ್ಡು ತೋರಿಸಿದರು. ಓದು ಅಂದರು. ಇವಳು ಸುಮ್ಮನೆ. ಇನ್ನೂ ದೊಡ್ಡ ಅಕ್ಷರ ತೋರಿಸಿದರು. ಸುಮ್ಮನೆ. ಕೊನೆಗೆ ಬಾಗಿಲಿನಷ್ಟು ದೊಡ್ಡದು ತೋರಿಸಿದರು. ಆಗಲೂ ಇಲ್ಲ.

"ಇದೂ ಕಾಣುವುದಿಲ್ಲವಾ? ಮತ್ತೆ ನೀನು ಬಸ್ಸು ಹೇಗೆ ಬಿಡ್ತಿ?"

"ಕಾಣ್ತದೆ ಡಾಕ್ಟ್ರೆ. ಅದು ಮಲಯಾಳಂ. ನಾನು ಕನ್ನಡ ಶಾಲೆಯಲ್ಲಿ ಕಲಿತದ್ದು."

ನಮ್ಮದು ಗಡಿಯ ಊರು; ಮಾತಾಡಲಿಕ್ಕೆ ಇಳಿದರೆ ಮಲಯಾಳಂನಲ್ಲಿ ಎದುರಿನವರ ಬಾಯಿ ಮುಚ್ಚಿಸುವ ಹುಡುಗಿ, ಓದಲಿಕ್ಕೆ ಮಾತ್ರ ಒಂದಕ್ಷರ ಬಾರದು. ಇಂಗ್ಲಿಷಿನ ಬೋರ್ಡು ಮಳೆನೀರು ಬಿದ್ದು ಹಾಳಾಗಿತ್ತಂತೆ. ಡಾಕ್ಟರು ಫಾರ್ಮನ್ನು ಅತ್ತ ತಳ್ಳಲಿಕ್ಕೆ ನೋಡಿದರು. ನನಗೆ ತಡೆಯಲಿಲ್ಲ. "ದೂರದ್ದು ಕಾಣಬೇಕು ಅಷ್ಟೇ ಅಲ್ವಾ, ಕಿಟಕಿ ಉಂಟಲ್ಲ" ಅಂದೆ.

ಡಾಕ್ಟರಿಗೂ ಸರಿ ಅಂತ ಕಂಡಿತು. "ಆಯ್ತು. ಆಚೆ ಬದಿಯ ಸಲೂನಿನ ಒಳಗೆ ಎಂತ ಕಾಣ್ತದೆ, ಹೇಳು."

"ಒಬ್ಬರು ಕೂತಿದ್ದಾರೆ. ಮೀಸೆಗೆ ಬಣ್ಣ ಹಾಕಿಸ್ತಾ ಇದ್ದಾರೆ. ಎಡಗಡೆ ಆಗಿದೆ, ಬಲಗಡೆ ಬಾಕಿ."

"ಯಾವ ಬಣ್ಣ?"

"ಕಪ್ಪು. ಅದು ನಿಮ್ಮ ಕಂಪೌಂಡರ್, ಡಾಕ್ಟ್ರೆ."

ಡಾಕ್ಟರು ಎರಡೂ ಕಣ್ಣು ಉತ್ತಮ ಅಂತ ಬರೆದು ಸಹಿ ಹಾಕಿದರು, ಕುತ್ತಿಗೆಯ ಸ್ಟೆತಸ್ಕೋಪ್ ತೆಗೆಯದೆ ರಸ್ತೆ ದಾಟಿದರು. ಕಂಪೌಂಡರನ ಬಲಗಡೆ ಮೀಸೆ ಒಂದು ವಾರ ಬೆಳ್ಳಗೇ ಇತ್ತು.

ಎರಡು ಗುರುತು

ಡಾಕ್ಟರು ಸಲೂನಿನಲ್ಲಿ ಇರುವಾಗಲೇ ನರ್ಸಮ್ಮ ಫಾರ್ಮಿನ ಉಳಿದದ್ದನ್ನು ತುಂಬಲಿಕ್ಕೆ ಕೂತರು. ಮೈಮೇಲೆ ಎರಡು ಗುರುತು ಹೇಳಬೇಕಂತೆ, ಮಚ್ಚೆಯೋ ಗಾಯದ ಕಲೆಯೋ. ಹುಡುಗಿ ಗಲ್ಲದ ಮೇಲಿನದ್ದು ಒಂದು ತೋರಿಸಿದಳು. ಇನ್ನೊಂದು? ಕೈ ತಿರುಗಿಸಿ ನೋಡಿದಳು, ಕಾಲು ನೋಡಿದಳು, ಇಲ್ಲ.

"ಎರಡಿಲ್ಲದಿದ್ದರೆ ಫಾರ್ಮ್ ತಗೊಳ್ಳುವುದಿಲ್ಲ" ಅಂದರು ನರ್ಸಮ್ಮ.

ಹುಡುಗಿಯ ಮುಖ ಸಣ್ಣದಾಯಿತು. ಅವಳು ಹುಟ್ಟಿದಾಗ ನಲವತ್ತು ದಿನ ಎಣ್ಣೆ ಹಚ್ಚಿ ಮೀಯಿಸಿದವಳು ನಾನು. ನನಗೆ ಗೊತ್ತಿಲ್ಲದ ಮಚ್ಚೆ ಉಂಟಾ? "ಇನ್ನೊಂದು ಉಂಟು, ಬರೀರಿ" ಅಂತ ಅದು ಇರುವ ಜಾಗ ಹೇಳಿದೆ. ನನ್ನ ಸ್ವರ ಮೊದಲೇ ಸ್ವಲ್ಪ ದೊಡ್ಡದು. ಬೆಂಚಿನ ಮೇಲೆ ಕೂತ ಏಳೆಂಟು ಜನರೂ ಒಟ್ಟಿಗೆ ತಲೆ ಎತ್ತಿದರು.

ನರ್ಸಮ್ಮ ಪೆನ್ನು ಕೆಳಗಿಟ್ಟರು. "ಬಾಯಮ್ಮ, ನಾಳೆ ರಸ್ತೆಯಲ್ಲಿ ಪೊಲೀಸಿನವರು ಬಸ್ಸು ನಿಲ್ಲಿಸಿದರೆ ಅದನ್ನು ತೋರಿಸಲಿಕ್ಕೆ ಆಗ್ತದಾ?"

ಕೊನೆಗೆ ಮೊಣಕೈಯಲ್ಲಿ ಒಂದು ಹಳೇ ಸುಟ್ಟ ಕಲೆ ಸಿಕ್ಕಿತು. ಹುಡುಗಿ, ಲೈಸೆನ್ಸಿನ ಆಫೀಸಿರುವ ವಿದ್ಯಾನಗರದ ಬಸ್ಸು ಬರುವ ತನಕ ನನ್ನ ಹತ್ತಿರ ಮಾತಾಡಲಿಲ್ಲ. ಬಸ್ಸು ಹತ್ತಿದ ಮೇಲೆ ಮಾತ್ರ, ಕಿಟಕಿಯ ಕಡೆ ತಿರುಗಿ, ಹೊಟ್ಟೆ ಹಿಡಿದು ನಕ್ಕಳು.

ಇಗರ್ಜಿಯ ದಪ್ಪ ಪುಸ್ತಕ

ಕಾರಿನ ಲೈಸೆನ್ಸ್ ಇದ್ದರೂ ಪ್ರಾಯಕ್ಕೆ ಬೇರೆ ದಾಖಲೆ ಬೇಕಂತೆ. ಅವಳ ಶಾಲೆಯ ಪುಸ್ತಕವನ್ನು ಗೆದ್ದಲು ತಿಂದು ರಟ್ಟು ಮಾತ್ರ ಉಳಿಸಿತ್ತು. ಇಗರ್ಜಿಯಲ್ಲಿ ಬ್ಯಾಪ್ಟಿಸಂ ಪುಸ್ತಕ ಉಂಟಲ್ಲ ಅಂತ ಫಾದರರ ಹತ್ತಿರ ಹೋದೆವು. ಫಾದರ್ ಒಳ್ಳೆಯವರು, ಸ್ವಲ್ಪ ನಿಧಾನ. ಕಪಾಟಿನಿಂದ ಎರಡು ದಪ್ಪ ಪುಸ್ತಕ ಇಳಿಸಿದರು. ಒಂದು, ಅಪ್ಪ ಅಮ್ಮನ ಹೆಸರು ತಾಳೆ ನೋಡಲಿಕ್ಕೆ, ಮದುವೆಯದ್ದು, ಇನ್ನೊಂದು ಬ್ಯಾಪ್ಟಿಸಮ್ಮಿನದ್ದು. ಧೂಳು ಒರೆಸಿ, ಕನ್ನಡಕ ಹುಡುಕಿ, ಎರಡನ್ನೂ ಪಕ್ಕಪಕ್ಕ ತೆರೆದರು.

ನಾನು ಬಗ್ಗಿ ನೋಡಿದೆ. ಹೆಸರು ಓದಲಿಕ್ಕೆ ಹೊತ್ತು ಹಿಡಿದರೂ ತಿಂಗಳು ಎಣಿಸಲಿಕ್ಕೆ ನನಗೆ ಬೆರಳ ಗೆಣ್ಣು ಸಾಕು. ನಮ್ಮ ಓಣಿಯ ತುದಿಯಲ್ಲಿ ಒಬ್ಬರು ಇದ್ದಾರೆ, ಯಾರ ಮಗಳು ಸ್ವಲ್ಪ ನಕ್ಕರೂ ಬುದ್ಧಿ ಹೇಳಲಿಕ್ಕೆ ಬರುವವರು. ಮದುವೆಯ ಪುಸ್ತಕದಲ್ಲಿ ಅವರದ್ದು ಜನವರಿ. ಪಕ್ಕದ ಪುಸ್ತಕದಲ್ಲಿ ಅವರ ಮೊದಲ ಮಗುವಿಗೆ ಬ್ಯಾಪ್ಟಿಸಮ್ಮಿನ ನೀರು ಹಾಕಿದ್ದು ಅದೇ ವರ್ಷದ ಜೂನ್. ನಾನು ಎರಡು ಸಲ ಎಣಿಸಿದೆ. ಗೆಣ್ಣು ಹೆಚ್ಚಾಗಲಿಲ್ಲ.

"ಫಾದರ್, ಇದು ನೋಡಿ" ಅಂತ ಆ ಸಾಲಿನ ಮೇಲೆ ಬೆರಳಿಟ್ಟೆ.

ಫಾದರ್ ನೋಡಿದರು. ಪುಸ್ತಕ ಮುಚ್ಚಿದರು. ನನ್ನ ಬೆರಳು ಒಳಗೇ ಇತ್ತು.

ಪೊಲೀಸ್ ವಿಚಾರಣೆ

ಈಗ ಎಲ್ಲ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಮಾಡುತ್ತಾರಂತೆ. ಜೊತೆಗೆ ಯಾರೂ ಬೇಡ. ನನಗೆ ಆ ದಿನಗಳೇ ನೆನಪಾಗುವುದು: ಜವಳಿ ಅಂಗಡಿಯ ಚೀಲದಲ್ಲಿ ಕಾಗದ ತುಂಬಿಸಿ, ಕೌಂಟರಿನಿಂದ ಕೌಂಟರಿಗೆ ಅಲೆದು, ಕೊನೆಗೆ ಹೋಟೆಲಿನಲ್ಲಿ ಒಂದು ಪ್ಲೇಟ್ ಗೋಳಿಬಜೆ ಇಬ್ಬರೂ ಹಂಚಿ ತಿಂದದ್ದು. ಹುಡುಗಿ ಚಟ್ನಿ ಪೂರ್ತಿ ನನಗೆ ಬಿಡುತ್ತಿದ್ದಳು.

ಫಾದರರಿಂದ ಪ್ರಾಯದ ಕಾಗದ ಸಿಕ್ಕಿತು, ಡ್ರೈವಿಂಗ್ ಟೆಸ್ಟೂ ಪಾಸಾಯಿತು. ಜನರನ್ನು ಕೂರಿಸುವ ಗಾಡಿಗೆ ಬೇಕಾದ ಬ್ಯಾಡ್ಜಿಗೆ ಇನ್ನು ಉಳಿದದ್ದು ಪೊಲೀಸ್ ವಿಚಾರಣೆ ಒಂದು. ಶಾಲೆ ಸುರುವಾಗಲಿಕ್ಕೆ ಒಂದೇ ವಾರ ಇತ್ತು.

ಒಂದು ಬೆಳಿಗ್ಗೆ ಪೊಲೀಸಿನವನು ಬಂದ. ನೇರ ನಮ್ಮಲ್ಲಿಗೆ ಬರಲಿಲ್ಲ, ಮೊದಲು ಓಣಿಯ ಬಾಯಿಯಲ್ಲಿ ಪಿಕಪ್ಪಿನವನ ಹತ್ತಿರ ವಿಚಾರಿಸಿದ. ಅವನು, "ಆ ಬಾಯಮ್ಮನನ್ನು ಕೇಳಿ ಸರ್. ಈ ಊರಿನಲ್ಲಿ ಅವರ ಬಾಯಿಯಲ್ಲಿ ಒಳ್ಳೆಯವರು ಅಂತ ಯಾರೂ ಇಲ್ಲ" ಅಂದನಂತೆ.

ಪೊಲೀಸ್ ನಮ್ಮ ಜಗಲಿಯಲ್ಲಿ ಕೂತು ಪುಸ್ತಕ ತೆಗೆದ. "ಹುಡುಗಿ ಹೇಗೆ?"

"ಚಿನ್ನದಂಥವಳು."

"ಜಗಳ ಗಿಗಳ?"

"ಅವಳ ಸ್ವರ ಹೇಗುಂಟು ಅಂತ ಈ ಓಣಿಯವರಿಗೇ ಗೊತ್ತಿಲ್ಲ."

"ಗಂಡ ಹೆಂಡತಿ?"

"ಪಾರಿವಾಳದ ಹಾಗೆ."

ಪೊಲೀಸ್ ಪುಸ್ತಕ ಮುಚ್ಚಿದ. "ಬಾಯಮ್ಮ, ನೀವು ಯಾರನ್ನೂ ಹೊಗಳುವವರಲ್ಲ ಅಂತ ಊರಿಡೀ ಹೇಳ್ತದೆ. ಇವಳನ್ನು ಮಾತ್ರ ಹೀಗೆ ಹೊಗಳುವುದಾದರೆ ಎಂತದೋ ದೊಡ್ಡದೇ ಮುಚ್ಚಿಡ್ತಾ ಇದ್ದೀರಿ. ನಾನು ಬರೀಲಿಕ್ಕಿಲ್ಲ. ಸ್ಟೇಷನಿನಲ್ಲಿ ಕೇಳಿ ನೋಡ್ತೇನೆ, ಇನ್ನೊಮ್ಮೆ ಬರ್ತೇನೆ."

ಇನ್ನೊಮ್ಮೆ ಅಂದರೆ ಜೂನ್ ಕಳೆದು. ಜೀವಮಾನದಲ್ಲಿ ಒಂದು ಸಲ ಒಬ್ಬರ ಬಗ್ಗೆ ಒಳ್ಳೆಯದು ಹೇಳಿದ್ದಕ್ಕೆ ಹೀಗಾ? ಅವನು ಚಪ್ಪಲಿ ಮೆಟ್ಟುವಾಗ ನನ್ನ ಬಾಯಿ ತಾನೇ ತೆರೆಯಿತು.

"ಕೂತುಕೊಳ್ಳಿ ಸರ್. ಒಂದು ಉಂಟು. ಗಂಡನಿಗೆ ಸೌಟಿನಲ್ಲಿ ಹೊಡೆದಿದ್ದಾಳೆ. ತಲೆಗೆ ಮೂರು ಹೊಲಿಗೆ. ಬಾಗಿಲು ತಾಗಿದ್ದು ಅಂತ ಅವನು ಊರಿಗೆಲ್ಲ ಹೇಳಿಕೊಂಡು ತಿರುಗಿದ."

ಪೊಲೀಸ್ ಕೂತ. ಪುಸ್ತಕ ತೆರೆದ. "ಯಾಕೆ ಹೊಡೆದದ್ದು?"

"ಬೆಳ್ಳಂಬೆಳಿಗ್ಗೆ ಕುಡಿದು ಲಾರಿ ತೆಗೆಯಲಿಕ್ಕೆ ಹೊರಟಿದ್ದ. ಕೀ ಕೊಡು ಅಂದಳು, ಕೊಡಲಿಲ್ಲ. ಹೊಡೆದು ತೆಗೆದುಕೊಂಡಳು. ಆಮೇಲೆ ಅದೇ ಲಾರಿಯಲ್ಲಿ ಅವನನ್ನು ಆಸ್ಪತ್ರೆಗೆ ತಾನೇ ಬಿಟ್ಟುಕೊಂಡು ಹೋದಳು."

ಅವನು ಪೆನ್ನು ಹಿಡಿದುಕೊಂಡು ನನ್ನನ್ನೇ ನೋಡಿದ. "ಇದನ್ನು ಮೊದಲೇ ಹೇಳಬಾರದಾ ಬಾಯಮ್ಮ? ಶಾಲೆಯ ಬಸ್ಸಿಗೆ ಇದಕ್ಕಿಂತ ಒಳ್ಳೆಯ ಡ್ರೈವರ್ ಎಲ್ಲಿ ಸಿಗ್ತದೆ?" ಅಲ್ಲಿಯೇ ಬರೆದು, ನನ್ನ ಕಾಫಿ ಕುಡಿದು ಹೋದ.

ಶಾಲೆ ಸುರುವಾದ ದಿನ ಲೈಸೆನ್ಸೂ ಬ್ಯಾಡ್ಜೂ ಮದರರ ಮೇಜಿನ ಮೇಲೆ ಇತ್ತು. ಹುಡುಗಿ ಬಸ್ಸನ್ನು ನಮ್ಮ ಓಣಿಯ ತಿರುವಿನಲ್ಲಿ ಎಷ್ಟು ನುಣ್ಣಗೆ ತಿರುಗಿಸಿದಳು ಅಂದರೆ ನನಗೆ ಕಣ್ಣೀರು ಬಂತು.

ಸೌಟಿನ ವಿಷಯ ಮಾತ್ರ ಆ ವಿಚಾರಣೆಯ ದಿನವೇ, ಸಂಜೆಯೊಳಗೆ, ಓಣಿಯ ಎಲ್ಲ ಮನೆಗೂ ತಲುಪಿತ್ತು. ಹುಡುಗಿಯ ಗಂಡ ನನ್ನ ಹತ್ತಿರ ಮಾತು ಬಿಟ್ಟ. ಆದರೆ ದೇವರಾಣೆ ನಾನಲ್ಲ, ಆ ಪೊಲೀಸಿನವನೇ ಹೋಗುವ ದಾರಿಯಲ್ಲಿ ಮನೆ ಮನೆಯಲ್ಲಿ ನಿಂತು ನಿಂತು ಹೇಳಿಕೊಂಡು ಹೋದದ್ದು. ನನ್ನದೇ ಗೋಡೆಯಾಚೆಯ ಸುದ್ದಿ, ಎರಡು ವರ್ಷ ಕಷ್ಟಪಟ್ಟು ಹೊಟ್ಟೆಯಲ್ಲಿ ಇಟ್ಟುಕೊಂಡದ್ದು. ಕೊನೆಗೆ ಊರಿಗೆ ಹೇಳುವ ಭಾಗ್ಯ ಬೇರೆಯವನಿಗೆ ಹೋಯಿತಲ್ಲ ಅಂತ ನನಗೆ ಇವತ್ತಿಗೂ ಬೇಜಾರುಂಟು.