ಮೌಲ್ಯಾಂಕನಕ್ಕೆ ಅಡ್ಡ ನಿಂತ ನನ್ನ ಟಂಟಂ

ನಮ್ಮ ಮನೆತನದಲ್ಲಿ ಶಾಲೆಯ ಸುದ್ದಿಯ ಖಾತೆಯನ್ನು ನನಗೇ ವಹಿಸಿದ್ದರು. ಕಾರಣ ನನ್ನ ವಿದ್ಯೆಯಲ್ಲ, ನನ್ನ ಫೋನು. ತಂಗಿ ಮಹಾದೇವಿಯದು ಬಟನ್ ಫೋನು. ಹೀಗಾಗಿ ಅವಳ ಮಗಳು, ಐದನೇ ತರಗತಿಯ ಸಾವಿತ್ರಿಯ ಶಾಲೆಯ ವಾಟ್ಸಾಪ್ ಗ್ರೂಪಿಗೆ ಪಾಲಕನೆಂದು ನನ್ನ ನಂಬರನ್ನೇ ಕೊಟ್ಟಿದ್ದಳು.

‘ಸಾಲಿದ ಏನರ ಬಂದ್ರ ಹೇಳಪಾ ಅಣ್ಣಾ’ ಎಂದಿದ್ದಳು. ಅಷ್ಟೇ. ಬಂದದ್ದನ್ನು ಹೇಳಬೇಕಿತ್ತು. ಅರ್ಥ ಹೇಳು ಎಂದು ಯಾರೂ ಕೇಳಿರಲಿಲ್ಲ.

ನಾನು ನಾಲ್ಕನೇ ಇಯತ್ತೆಗೆ ಶಾಲೆಗೆ ಶರಣು ಹೊಡೆದವನು. ಆದರೆ ಮುರಗೋಡ–ಬೈಲಹೊಂಗಲ ರಸ್ತೆಯಲ್ಲಿ ಟಂಟಂ ಆಟೋ ಓಡಿಸುವವನಿಗೆ ಓದಿಗಿಂತ ಅನುಮಾನ ಮುಖ್ಯ. ಅದು ನನ್ನಲ್ಲಿ ಭರಪೂರ ಇತ್ತು. ‘ನಿಮಗೆ ಕಾರು ಬಹುಮಾನ ಬಂದಿದೆ’ ಎಂದು ಫೋನ್ ಮಾಡಿದವನಿಗೆ ‘ಮನೀಗೆ ತಂದು ಬಿಡ, ಚಾ ಕುಡದು ಹೋಗೀಯಂತ’ ಎಂದು ಹೇಳಿ ಇಟ್ಟವನು ನಾನು.

ಹೀಗಿರಲು ಒಂದು ಶುಕ್ರವಾರ ಹೆಡ್ ಅಕ್ಕೋರ ಮೆಸೇಜ್ ಬಂತು. ‘ಮಾನ್ಯ ಪಾಲಕರೇ, ಸೋಮವಾರ ಬೆಳಿಗ್ಗೆ ನಮ್ಮ ಶಾಲೆಯಲ್ಲಿ ಐದನೇ ತರಗತಿಯ ಮೌಲ್ಯಾಂಕನ ನಡೆಯಲಿದೆ. ಹೊರಗಿನಿಂದ ಅಧಿಕಾರಿಗಳು ಬರಲಿದ್ದಾರೆ. ಎಲ್ಲರೂ ಸಹಕರಿಸಬೇಕು.’

ನನ್ನ ಕಿವಿ ನೆಟ್ಟಗಾದವು. ಮೌಲ್ಯ ಎಂಬ ಶಬ್ದವನ್ನು ನಾನು ಜೀವನದಲ್ಲಿ ಒಂದೇ ಕಡೆ ಕಂಡಿದ್ದೆ: ಮನೆಯ ಜಾಗ ಖರೀದಿ ಹಾಕಿಸುವಾಗ, ಕಾಗದದ ಮೇಲೆ. ಮೌಲ್ಯ ಎಂದರೆ ಬೆಲೆ. ಬೆಲೆ ಕಟ್ಟಿಸುವವರು ಯಾರು? ಮಾರುವವರು. ಐದನೇ ತರಗತಿಯ ಕೋಣೆಯೇ ಯಾಕೆ? ಅದು ರಸ್ತೆಗೆ ಹತ್ತಿಕೊಂಡಿದೆ, ಅಂಗಡಿ ಹಾಕಲು ಯೋಗ್ಯ. ಮೇಲಾಗಿ ‘ಸಹಕರಿಸಬೇಕು’ ಅಂತೆ. ಸಹಕರಿಸಿ ಎಂದು ಯಾರಾದರೂ ಅಂದಾಗಲೆಲ್ಲ ನಮ್ಮ ಕಡೆ ಒಬ್ಬರದಾದರೂ ಜಾಗ ಹೋಗಿದೆ.

‘ಸಾಲಿ ಮಾರಾಕ ಹತ್ಯಾರ’ ಎಂದು ಹೆಂಡತಿ ಕಸ್ತೂರಿಗೆ ಗುಟ್ಟಾಗಿ ಹೇಳಿದೆ.

‘ಅಕ್ಕೋರಿಗೆ ಒಂದ್ ಮಾತು ಕೇಳ್ರಿ’ ಅಂದಳು.

‘ಕಳ್ಳನ್ನ ಕೇಳಿ ಕೀಲಿ ಹಾಕತಾರೇನ?’

‘ನೀವು ಯಾರನ್ನೂ ಕೇಳೂದಿಲ್ಲ. ಅದಕ ನಾಲ್ಕನೇತ್ತಕ್ಕ ನಿಂತೀರಿ’ ಎಂದು ಅವಳು ರೊಟ್ಟಿ ಬಡಿಯಲು ಹೋದಳು.

ಮರುದಿನ ಮೊದಲ ಟ್ರಿಪ್ಪಿನಲ್ಲಿ ಮುಂದೆ ಕೂತವರಿಗೆ ಮಾತ್ರ ಹೇಳಿದೆ, ಯಾರಿಗೂ ಹೇಳಬ್ಯಾಡ್ರಿ ಎಂಬ ಕರಾರಿನ ಮೇಲೆ. ಸಂಜೆ ಬೈಲಹೊಂಗಲದಲ್ಲಿ ಹತ್ತಿದ ಹಿರಿಯರೊಬ್ಬರು ನನ್ನ ಭುಜ ತಟ್ಟಿದರು. ‘ಬಸ್ಯಾ, ಗೊತ್ತಾತೇನ? ನಿಮ್ಮೂರ ಸಾಲಿ ಹೋತಂತ. ಹುಬ್ಬಳ್ಳಿ ಪಾರ್ಟಿ ತಗೊಂಡೈತಿ. ಮದುವಿ ಕಾರ್ಯಾಲಯ ಕಟ್ಟಸ್ತಾರಂತ.’

‘ಯಾರು ಹೇಳಿದ್ರಿ?’

‘ಟಂಟಂನ್ಯಾಗಿನ ಮಂದಿ ಮಾತಾಡಾಕ ಹತ್ತಿದ್ರು.’

ನನಗೆ ರೋಮಾಂಚನವಾಯಿತು. ಸುದ್ದಿ ಈಗ ಎರಡು ಕಡೆಯಿಂದ ಬಂದಿತ್ತು. ಇನ್ನೇನು ಸಾಕ್ಷಿ ಬೇಕು?

ರವಿವಾರ ರಾತ್ರಿ ತಂಗಿಯ ಮನೆಗೆ ಹೋಗಿ ಅಪ್ಪಣೆ ಮಾಡಿದೆ: ‘ನಾಳೆ ಸಾವಿತ್ರಿನ್ನ ಸಾಲಿಗೆ ಕಳಸಬ್ಯಾಡ. ಅಲ್ಲಿ ಗದ್ದಲ ಆಕ್ಕೈತಿ.’

ಪುಸ್ತಕ ಹರವಿಕೊಂಡು ಕೂತಿದ್ದ ಸಾವಿತ್ರಿ ತಲೆ ಎತ್ತಿದಳು. ‘ಮಾಮಾ, ನಾಳೆ ನಂದು ಪರೀಕ್ಷಾ ಐತಿ.’

ಫೋನ್ ತೆಗೆದು ಮೆಸೇಜನ್ನು ತಂಗಿಗೆ ಗಟ್ಟಿಯಾಗಿ ಓದಿ ಹೇಳಿದೆ. ‘ಇದರಾಗ ಪರೀಕ್ಷಾ ಅಂತ ಒಂದಕ್ಷರ ಐತೇನ?’

ಮಹಾದೇವಿ ಮಗಳನ್ನು ನೋಡಿದಳು, ನನ್ನನ್ನು ನೋಡಿದಳು. ಅವಳು ಐದನೇ ಇಯತ್ತೆಯ ಬಾಗಿಲನ್ನೂ ಕಂಡವಳಲ್ಲ. ಮಗಳಾದರೂ ಪಾಸಾಗಲಿ ಎಂದು ಹೊಸ ಪೆನ್ನು ತಂದು ದೇವರ ಮುಂದೆ ಇಟ್ಟಿದ್ದಳು. ಆದರೂ, ‘ಅಣ್ಣ ಓದಿ ಹೇಳ್ಯಾನಂದ್ರ ಮುಗೀತು, ಸುಮ್ನ ಮಲಕೋ’ ಎಂದಳು.

ಸೋಮವಾರ ಟಂಟಂ ತಂದು ಶಾಲೆಯ ಗೇಟಿಗೆ ಅಡ್ಡ ನಿಲ್ಲಿಸಿದೆ. ಹಿಂದೆ ಅರ್ಧ ಊರು ನಿಂತಿತ್ತು. ಜೀಪೊಂದು ಬಂದು ಹಾರ್ನ್ ಹೊಡೆಯತೊಡಗಿತು. ಹೆಡ್ ಅಕ್ಕೋರು ಸೀರೆಯ ಸೆರಗು ಸಿಕ್ಕಿಸಿಕೊಂಡು ಓಡಿ ಬಂದರು.

‘ಏನ್ರಿ ಬಸಪ್ಪ ಇದು?’

‘ಸಾಲಿ ಮಾರಾಕ ಬಿಡೂದಿಲ್ರಿ ಅಕ್ಕೋರ. ನೀವ ಬರದೀರಿ, ಮೌಲ್ಯಾಂಕನ ಅಂತ.’

ಅಕ್ಕೋರು ಜೀಪಿನ ಕಡೆ ಕೈ ಮಾಡಿದರು. ಆಮೇಲೆ ಮೆತ್ತಗೆ ಅಂದರು, ‘ಮೌಲ್ಯಾಂಕನ ಅಂದ್ರ ಪರೀಕ್ಷಾರಿ. ಪ್ರಶ್ನೆಪತ್ರಿಕೆ ಆ ಜೀಪಿನ್ಯಾಗ ಅದಾವ.’

‘ಹಂಗಾರ ಪರೀಕ್ಷಾ ಅಂತ ಬರೀಬೇಕಿಲ್ರಿ?’

‘ಪರೀಕ್ಷಾ ಅಂದ್ರ ಹುಡುಗ್ರು ಹೆದರತಾವಂತ ಮ್ಯಾಲಿನವ್ರು ಹೆಸರು ಬದಲಿ ಮಾಡ್ಯಾರ್ರಿ. ಅಂದಂಗ, ನಿಮ್ಮ ಸಾವಿತ್ರಿ ಎಲ್ಲಿ? ಒಂದ್ ದಿನಾನೂ ತಡಾ ಮಾಡಿದಾಕಿ ಅಲ್ಲ.’

ಹುಡುಗರು ಹೆದರಲಿಲ್ಲ. ಹೆದರಿದ್ದು ನಾನು. ಅಲ್ಲಿಂದ ಕಿತ್ತವನು ತಂಗಿಯ ಮನೆಯವರೆಗೂ ಓಡಿದೆ. ಗಾಡಿ ಇದ್ದೂ ಯಾಕೆ ಓಡಿದೆನೋ ತಿಳಿಯದು. ಗಾಡಿಯ ಕೀಲಿ ನನ್ನ ಕಿಸೆಯಲ್ಲೇ ಇತ್ತು.

ಸಾವಿತ್ರಿ ಯೂನಿಫಾರ್ಮ್ ಹಾಕಿಕೊಂಡು, ಪ್ಯಾಡ್ ತೊಡೆಯ ಮೇಲಿಟ್ಟು ಹೊಸ್ತಿಲ ಮೇಲೆ ಕೂತಿದ್ದಳು. ಅತ್ತು ಮುಗಿದಿತ್ತು. ನಾನು ಏದುಸಿರಿನಲ್ಲಿ ಸತ್ಯ ಹೇಳಿದೆ. ಮಹಾದೇವಿ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

‘ನಿನ್ನ ಮಾತು ಕೇಳಿ ನನ್ನ ಮಗಳ ಮಾತು ನಂಬಲಿಲ್ಲ ನೋಡಣ್ಣಾ ನಾ’ ಎಂದು ಮಗಳ ಕೈ ಹಿಡಿದು ಹೊರಟಳು.

ಎಲ್ಲ ಮುಗಿದಿರುತ್ತದೆ ಎಂದುಕೊಂಡು ಹಿಂದೆ ಹೋದೆ. ಏನೂ ಶುರುವೇ ಆಗಿರಲಿಲ್ಲ. ಓಡುವಾಗ ನನ್ನ ಮಂದಿಗೆ ವಿಷಯ ಹೇಳುವುದನ್ನು ಮರೆತಿದ್ದೆ. ‘ಬಸ್ಯಾ ಬರೂತನಾ ಒಂದ್ ಕಾಗದಾನೂ ಒಳಗ ಬಿಡೂದಿಲ್ಲ’ ಎಂದು ಅವರು ಅಕ್ಕೋರ ಮಾತಿಗೂ ಬಗ್ಗದೆ ಗೇಟಿಗೆ ಬೆನ್ನು ಕೊಟ್ಟು ಕೂತಿದ್ದರು. ಜೀಪಿನ ಸಾಹೇಬರು ಗಿಡದ ನೆರಳಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರು. ಸಾವಿತ್ರಿ ಎಲ್ಲರನ್ನೂ ದಾಟಿ, ಟಂಟಂ ಪಕ್ಕದ ಸಂದಿಯಲ್ಲಿ ನುಸುಳಿ ಒಳಗೆ ಹೋದಳು. ನಾನು ಗಾಡಿ ಸರಿಸಿದ ಮೇಲೆ ಪ್ರಶ್ನೆಪತ್ರಿಕೆಗಳು ಅವಳ ಹಿಂದಿನಿಂದ ಹೋದವು.

‘ಒಟ್ಟು ನನ್ನ ದೆಸೆಯಿಂದ ಹುಡುಗಿಗೆ ಪರೀಕ್ಷಾ ತಪ್ಪಲಿಲ್ಲ’ ಎಂದು ಮನೆಯಲ್ಲಿ ಅಂದು ನೋಡಿದೆ. ಕಸ್ತೂರಿ ಲಟ್ಟಣಿಗೆ ಕೆಳಗಿಟ್ಟು ನನ್ನನ್ನು ನೋಡಿದಳು. ಆ ಮಾತನ್ನು ಅಲ್ಲಿಗೇ ಕೈಬಿಟ್ಟೆ.

ಈಗ ನನ್ನ ಫೋನಿಗೆ ಬರುವ ಶಾಲೆಯ ಸುದ್ದಿಯನ್ನು ಸಾವಿತ್ರಿಯೇ ಬಂದು ಓದಿ ತನ್ನ ಅವ್ವನಿಗೆ ಹೇಳುತ್ತಾಳೆ. ನನಗೆ ಮುಟ್ಟಲು ಅಪ್ಪಣೆಯಿಲ್ಲ. ಮೊನ್ನೆ ಮಾತ್ರ, ‘ಮಾಮಾ, ಇದು ನಿನಗ ಬಂದೈತಿ’ ಎಂದು ಫೋನ್ ನನ್ನ ಕೈಗೆ ಕೊಟ್ಟಳು. ಅಕ್ಕೋರು ಬರೆದಿದ್ದರು: ‘ಶಾಲೆಯ ಗೇಟಿನ ಮುಂದೆ ಯಾರೂ ಟಂಟಂ ನಿಲ್ಲಿಸಬಾರದು.’

ಎಷ್ಟು ತಿರುಗಿಸಿ ಓದಿದರೂ ಅದರಲ್ಲಿ ಅನುಮಾನ ಪಡುವಂಥದ್ದು ಏನೂ ಸಿಗಲಿಲ್ಲ.