ಇನ್ಸ್‌ಪೆಕ್ಟರಿಗೆ ಅಕ್ಕನ ಮಗಳನ್ನು ಹುಡುಕಿಕೊಟ್ಟ ನಮ್ಮ ಕಾಕಾ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಪೊಲೀಸರು ನಮ್ಮ ಪಿ.ಜಿ. ಕೇಂದ್ರದ ಗೇಟಿಗೆ ಬೀಗ ಹಾಕಿಸಿದರು. ಅದಾಗಿ ಒಂದು ನಿಮಿಷವೂ ಕಳೆದಿರಲಿಲ್ಲ, ನಮ್ಮ ಕಾಕಾ ನೆಟ್ಟಗೆ ಇನ್ಸ್‌ಪೆಕ್ಟರ್ ಎದುರು ಹೋಗಿ ನಿಂತು, "ಸಾಹೇಬ್ರ, ತಮ್ಮದು ಯಾವೂರು?" ಎಂದು ಕೇಳಿದರು. ಈ ಎರಡರಲ್ಲಿ ಹೆಚ್ಚು ಅಪಾಯದ್ದು ಯಾವುದು ಎಂದು ನೀವು ಕೇಳಿದರೆ, ಇವತ್ತಿಗೂ ನಾನು ಸ್ವಲ್ಪ ಯೋಚಿಸಿಯೇ ಉತ್ತರ ಹೇಳಬೇಕು!

ಕಾಕಾ ಅಂದರೆ ನಮ್ಮಪ್ಪನ ತಮ್ಮ. ತೆಲುಗು ನಾಡಿನ ಅಂಚಿನ ಮಕ್ತಲ್ ಬಜಾರಿನಲ್ಲಿ ಸ್ಟೀಲ್ ಸಾಮಾನಿನ ಅಂಗಡಿ. ಮದುವೆಗೆ, ಗೃಹಪ್ರವೇಶಕ್ಕೆ ಕೊಡುವ ಕೊಡ, ತಟ್ಟೆ, ಡಬ್ಬಿಗಳ ಮೇಲೆ ಕೊಟ್ಟವರ ಹೆಸರು ಕೊರೆದುಕೊಡುವ ಮಷೀನೂ ಅವರ ಹತ್ತಿರ ಉಂಟು. ಯಾರ ಮನೆಯ ಮಗಳು ಯಾರ ಮನೆಗೆ ಹೋದಳು, ಯಾವ ಮಾವ ಯಾವ ಅಳಿಯನಿಗೆ ಹಂಡೆ ಕೊಟ್ಟ, ಯಾವ ಅತ್ತೆ ಬರೀ ಚಮಚದಲ್ಲಿ ಮುಗಿಸಿದಳು ಎಲ್ಲವನ್ನೂ ಜುರ್ರ್ ಎಂದು ಕೊರೆದೂ ಕೊರೆದೂ ಅವರ ತಲೆಯಲ್ಲಿ ಒಂದು ಸಿದ್ಧಾಂತ ಕೂತುಬಿಟ್ಟಿದೆ. ಈ ಲೋಕದಲ್ಲಿ ನಮಗೆ ಸಂಬಂಧಿಕರಲ್ಲದ ಮನುಷ್ಯರೇ ಇಲ್ಲ. ಇದ್ದಾರೆ ಎನಿಸಿದರೆ ಅವರನ್ನು ಸರಿಯಾಗಿ ವಿಚಾರಿಸಿಲ್ಲ, ಅಷ್ಟೇ!

ಒಮ್ಮೆ ರಾಯಚೂರು ಬಸ್ಸಿನಲ್ಲಿ ಕಂಡಕ್ಟರನ ಹೆಂಡತಿಯ ತವರು ಗದ್ವಾಲ್ ಎಂದು ಗೊತ್ತಾಯಿತು. ಕಾಕಾ ತಟ್ಟನೆ ಎದ್ದರು. "ಅಳಿಯಂದಿರು ನಿಂತು ನಾವು ಕೂಡೂದು ಅಂದ್ರ ಏನ್ರೀ? ಕೂಡ್ರಿ ಮೊದಲ!" ಆ ಬಡಪಾಯಿಯನ್ನು ಹೆಗಲು ಹಿಡಿದು ಸೀಟಿನಲ್ಲಿ ಕೂರಿಸಿ, ತಾವು ರಾಯಚೂರಿನವರೆಗೂ ಕಂಬಿ ಹಿಡಿದು ನಿಂತರು. ಅಳಿಯ ಕೂತಲ್ಲಿಂದಲೇ ಕೈಚಾಚಿ ಮಾವನಿಗೆ ಟಿಕೆಟು ಹರಿದುಕೊಟ್ಟ.

ಇನ್ನೊಮ್ಮೆ ನಾರಾಯಣಪೇಟೆಯಲ್ಲಿ ಒಂದು ನಿಶ್ಚಿತಾರ್ಥ. ಇನ್ನೇನು ತಾಂಬೂಲ ಬದಲಾಗಬೇಕು, ಕಾಕಾ ಕೈ ಎತ್ತಿದರು. "ತಡೀರಿ! ನನ್ನ ಲೆಕ್ಕದಾಗ ಇವರಿಬ್ಬರೂ ಅಣ್ಣ ತಂಗಿ ಆಗ್ತಾರ!" ಹುಡುಗಿಯ ತಾಯಿ ಅಳಲು ಶುರುಮಾಡಿದಳು, ಹುಡುಗನ ಸೋದರಮಾವ ಚಪ್ಪಲಿ ಹುಡುಕತೊಡಗಿದ, ಅನ್ನ ಆರಿಹೋಯಿತು. ಹಿರಿಯರೆಲ್ಲ ಕೂತು ಮೂರು ತಲೆಮಾರು ಜಾಲಾಡಿದ ಮೇಲೆ, ಕಾಕಾ ಅದೇ ಅಡ್ಡಹೆಸರಿನ ಬೇರೆ ಮನೆಯ ಮೂಲಕ ದಾರಿ ಹಿಡಿದಿದ್ದರು ಎಂದು ತಿಳಿಯಿತು. ತಪ್ಪಾಯಿತು ಅಂದರೇ? ಛೆ! "ಲೆಕ್ಕ ಸರಿನೇ ಐತ್ರೀ, ಮನಿ ತಪ್ಪೈತಿ" ಅಂದರು.

ಇಂಥವರನ್ನು ನಮ್ಮಪ್ಪ ನಮ್ಮ ಧರಣಿಗೆ ಕಳಿಸಿದ್ದು ನನ್ನನ್ನು ಮನೆಗೆ ಕರೆತರಲು!

ಗದ್ವಾಲಿನ ರಸ್ತೆಯಲ್ಲಿರುವ ಸರ್ಕಾರಿ ವಿಶ್ವವಿದ್ಯಾಲಯದ ಪಿ.ಜಿ. ಕೇಂದ್ರ ನಮ್ಮದು. ನಾನು ಅಲ್ಲಿ ಎಂ.ಎಸ್ಸಿ. ಎರಡನೇ ವರ್ಷ. ಆ ವರ್ಷ ಫೀಸನ್ನು ಏಕಾಏಕಿ ಏರಿಸಿದರು, ಅದಕ್ಕೇ ಈ ಧರಣಿ. ನನ್ನಂಥವರು ಅಪ್ಪನ ಮುಂದೆ ಮುಖ ಸಣ್ಣದು ಮಾಡಿ ನಿಂತರೆ ಹೇಗೋ ಆಗುತ್ತಿತ್ತು. ನನ್ನ ಹಾಸ್ಟೆಲ್ ರೂಮಿನ ಗೆಳತಿ ಶಾಂತಾಳಿಗೆ ಹಾಗಲ್ಲ. ಇಟಿಕ್ಯಾಲದ ಹುಡುಗಿ, ಅವರ ಮನೆಯಲ್ಲಿ ಹತ್ತನೇ ಇಯತ್ತೆ ದಾಟಿದವಳು ಇವಳೊಬ್ಬಳೇ. ಫೀಸು ಇಳಿಯದಿದ್ದರೆ ಶಾಂತಾ ಓದು ಬಿಟ್ಟು ಊರಿಗೆ ಹೋಗಬೇಕು. ಟ್ರಂಕು ಆಗಲೇ ಮಂಚದ ಕೆಳಗಿನಿಂದ ಹೊರಗೆ ಬಂದಿತ್ತು.

ಕಾಕಾ ಬೈಯುವ ಮುಖ ಮಾಡಿಕೊಂಡೇ ಬಂದರು. ಆದರೆ ಗೇಟಿನ ಹೊರಗಿನ ಶಾಮಿಯಾನದೊಳಗೆ ಬಗ್ಗಿ ಬರುವಾಗಲೇ ಕೆಟ್ಟಿತು. ಮೊದಲು ಸಿಕ್ಕ ಹುಡುಗ ನಮ್ಮ ಅಂಗಡಿಯಲ್ಲಿ ಹಂಡೆ ಕೊಂಡವರ ಮೊಮ್ಮಗ! ಅವನ ಪಕ್ಕದವನು ಬೀಗರ ಪೈಕಿ! ಅರ್ಧ ತಾಸಿನಲ್ಲಿ ಕಾಕಾಗೆ ಧರಣಿ ತುಂಬ ನೆಂಟರು. ಇನ್ನು ಎದ್ದುಹೋಗುವುದು ಹೇಗೆ? ಮರುದಿನವೂ ಬಂದರು, ಮೂರನೆಯ ದಿನವೂ ಬಂದರು.

ಘೋಷಣೆ ಮಾತ್ರ ಅವರಿಗೆ ಸರಿಬೀಳಲಿಲ್ಲ. "ಹಿರಿಯರಿಗೆ ಡೌನ್ ಡೌನ್ ಅಂತ ಏಕವಚನದಾಗ ಒದರೂದ? ಪ್ರಿನ್ಸಿಪಾಲರು ನಿಮ್ಮ ದೊಡ್ಡಪ್ಪನ ವಾರಿಗೀಯವರು, ಅಷ್ಟ ವಯಸ್ಸು. ಡೌನ್ ಆಗ್ರೀ ಅನ್ರಿ."

ಹುಡುಗರಿಗೆ ಅದೇ ಮಜವೆನಿಸಿತು. "ಪ್ರಿನ್ಸಿಪಾಲರೇ, ಡೌನ್ ಆಗ್ರೀ!" ಎಂದು ಇಡೀ ಶಾಮಿಯಾನ ಕೂಗಿದಾಗ ಕಚೇರಿಯ ಕಿಟಕಿಯಲ್ಲಿ ಪ್ರಿನ್ಸಿಪಾಲರು ನಗು ತಡೆಯಲಾರದೆ ಪರದೆ ಎಳೆದುಕೊಂಡರು.

ಶಾಂತಾಳನ್ನೂ ಬಿಡಲಿಲ್ಲ. "ಯವ್ವಾ, ನಿಮ್ಮ ತಾಯಿ ತವರು ಯಾವುದು?" "ನಾರಾಯಣಪೇಟಿ ಕಡಿ ರೀ." "ಹಾಂ! ಹಂಗಾರ ಸೀರಿ ಅಂಗಡಿಯವರ ಮೊಮ್ಮಗಳು ನೀನು!" ಶಾಂತಾಳಿಗೆ ನಗು. "ಅಲ್ಲ ರೀ ಕಾಕಾ, ನಮ್ಮಜ್ಜನಿಗೆ ಅಂಗಡಿನೇ ಇಲ್ಲ, ಮೈಮ್ಯಾಲಿನ ಅಂಗಿನೇ ಕಡಿಮಿ." "ನಿನಗ ಗೊತ್ತಿಲ್ಲ, ಸುಮ್ಕಿರು" ಅಂದರು ಕಾಕಾ.

ನಾಲ್ಕನೆಯ ದಿನ ಪೊಲೀಸರು ನಮ್ಮನ್ನು ಎತ್ತಿ ವ್ಯಾನಿಗೆ ಹಾಕುತ್ತಾರೆ ಎಂಬ ಸುದ್ದಿ ಬಂತು. ಎತ್ತಲು ಬಾರದ ಹಾಗೆ ಹುಡುಗಿಯರು ಗೇಟಿಗೆ ಬೆನ್ನು ಕೊಟ್ಟು ಕೂತು, ಒಂದೊಂದು ಕೈಯನ್ನು ಚುನ್ನಿಯಿಂದ ಗೇಟಿನ ಸರಳಿಗೆ ಕಟ್ಟಿಕೊಂಡರು. ಶಾಂತಾಳ ಎಡಗೈಗೆ ಗಂಟು ಹಾಕಿದವಳು ನಾನೇ. "ಇನ್ನೂ ಬಿಗಿ ಹಾಕು" ಅಂದಳು. ಹಾಕಿದೆ.

ಹನ್ನೊಂದು ಇಪ್ಪತ್ತಕ್ಕೆ ಒಳಗಿನಿಂದ ಗೇಟಿಗೆ ಬೀಗ ಬಿತ್ತು. ರಸ್ತೆಯಲ್ಲಿ ಲಾಠಿ ಹಿಡಿದ ಸಾಲು ನಿಂತಿತು. ನಮಗೂ ಅವರಿಗೂ ನಡುವೆ ನೂರಾರು ಹುಡುಗರು. ಆಗಲೇ ಕಾಕಾ ಹೋಗಿ ಆ ಪ್ರಶ್ನೆ ಕೇಳಿದ್ದು.

"ಪಕ್ಕಕು ಜರುಗಯ್ಯಾ ಪೆದ್ದಾಯನಾ," ಅತ್ತ ಸರಿಯಯ್ಯಾ ಯಜಮಾನಾ, ಎಂದು ಇನ್ಸ್‌ಪೆಕ್ಟರ್ ತೆಲುಗಿನಲ್ಲಿ ಗದರಿ ಕೈಯಿಂದ ಸರಿಸಿದರು. ಕಾಕಾ ನಮ್ಮ ಕಡೆ ಬಂದರು. ಮುಖದ ಮೇಲೆ ಗೆದ್ದ ಕಳೆ!

"ಕಿವಿ ನೋಡಿದಿಯೇನು? ಮ್ಯಾಲೆ ಅಗಲ, ಕೆಳಗ ಚೂಪು. ಸೀರಿ ಅಂಗಡಿಯವರ ಕಿವಿ! ಶಾಂತಾ, ಇಂವ ನಿನಗ ಸೋದರಮಾವ ಆಗಬೇಕು."

"ಹೌದಾ? ಹಂಗಾರ ಫೀಸು ಕಟ್ಟಾಕ ಹೇಳ್ರಿ ಮಾವನಿಗೆ" ಅಂದಳು ಶಾಂತಾ. ಎಲ್ಲರೂ ನಕ್ಕೆವು. ಆ ದಿನ ನಾವು ನಕ್ಕಿದ್ದು ಅದೇ ಕೊನೆ.

ಕಲ್ಲು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಯಾರೂ ಇವತ್ತಿಗೂ ಹೇಳಿಲ್ಲ. ಜೀಪಿನ ಗಾಜು ಒಡೆಯಿತು, ಸೀಟಿ ಮೊಳಗಿತು, ಲಾಠಿಯ ಸಾಲು ಓಡಿ ಬಂತು. ಹುಡುಗರು ಓಡಬೇಕು, ಆದರೆ ಎತ್ತ? ಹಿಂದೆ ಲಾಠಿ, ಎದುರಿಗೆ ಮುಚ್ಚಿದ ಗೇಟು. ಆ ಗುಂಪಿಗೆ ಗುಂಪೇ ಗೇಟಿನ ಮೇಲೆ ಬಂದು ಬಿತ್ತು. ಅಂದರೆ, ಗೇಟಿಗೆ ಕೈ ಕಟ್ಟಿಕೊಂಡು ಕೂತ ಹುಡುಗಿಯರ ಮೇಲೆ!

ನನ್ನ ಗಂಟು ಹೇಗೆ ಬಿಚ್ಚಿತೋ, ಯಾರು ನನ್ನನ್ನು ಗೋಡೆಯ ಪಕ್ಕಕ್ಕೆ ಎಳೆದರೋ ನೆನಪಿಲ್ಲ. ನೆನಪಿರುವುದು ಆ ಗೇಟು. ಕಬ್ಬಿಣ ಒಳಕ್ಕೆ ಬಾಗುತ್ತಾ ಕಿರ್ರ್ ಎನ್ನುತ್ತಿತ್ತು. ಒಬ್ಬೊಬ್ಬರಾಗಿ ಉಳಿದ ಹುಡುಗಿಯರು ಹೊರಬಂದರು. ಶಾಂತಾ ಬರಲಿಲ್ಲ. ಎಳೆದಷ್ಟೂ ಅವಳ ಗಂಟು ಬಿಗಿಯುತ್ತಿತ್ತು. ಕಾಲುಗಳ ನಡುವೆ ಅವಳ ಮುಖ ಕಾಣುತ್ತಿತ್ತು, ಮರೆಯಾಗುತ್ತಿತ್ತು. ಬಾಯಿ ತೆರೆದಿತ್ತು, ದನಿ ಇರಲಿಲ್ಲ.

ಆಗ ಕಾಕಾ ಲಾಠಿಗಳ ಕಡೆಗೇ ಓಡಿದರು. ಎಲ್ಲರೂ ಇತ್ತ ಓಡಿಬರುವಾಗ ಪಂಚೆ ಎತ್ತಿ ಹಿಡಿದ ಒಬ್ಬ ಮುದುಕ ಅತ್ತ ಓಡುವುದನ್ನು ನೀವು ನೋಡಬೇಕಿತ್ತು! ಒಂದು ಏಟು ಹೆಗಲಿಗೆ ಬಿತ್ತು. ಬಾಗಿದರು. ಎದ್ದರು. ಹೋಗಿ ಇನ್ಸ್‌ಪೆಕ್ಟರ ಎಡತೋಳು ಹಿಡಿದುಕೊಂಡರು.

"ಸಾಹೇಬ್ರ! ನಿಮ್ಮ ಅಕ್ಕನ ಮಗಳ್ರೀ ಆಕಿ! ನಿಮ್ಮ ಅಕ್ಕನ ಮಗಳು ಸಾಯಾಕತ್ಯಾಳ್ರೀ! ಮೀ ಅಕ್ಕ ಕೂತುರು!"

ಇನ್ಸ್‌ಪೆಕ್ಟರ್ ಲಾಠಿ ಎತ್ತಿದರು. ಅದು ಎತ್ತಿದ ಹಾಗೆಯೇ ನಿಂತಿತ್ತು, ಆಗ ಗೇಟಿನ ಬುಡದಿಂದ ಒಂದು ಕೂಗು ಬಂತು.

"ಮಾಮಾ!"

ಶಾಂತಾಳ ದನಿ. ಸ್ವಲ್ಪ ಹೊತ್ತಿನ ಹಿಂದಷ್ಟೇ ಕಾಕಾನ ಲೆಕ್ಕಕ್ಕೆ ನಕ್ಕಿದ್ದ ಶಾಂತಾ, ಆ ಖಾಕಿ ಬಟ್ಟೆಯ ಮನುಷ್ಯನತ್ತ ನೋಡುತ್ತಾ ಮತ್ತೊಮ್ಮೆ ಕೂಗಿದಳು. "ಮಾಮಾ!"

ಮತ್ತೆ ಸೀಟಿ ಕೇಳಿತು, ಈ ಸಲ ಊದಿದ್ದು ಇನ್ಸ್‌ಪೆಕ್ಟರೇ. ಸಾಲು ಹಿಂದೆ ಸರಿಯಲಿ ಎಂದು ಕಿರುಚಿದರು. ತಾವೇ ನುಗ್ಗಿ ಬಂದು, ಎರಡು ಕೈ ಗೇಟಿಗೆ ಕೊಟ್ಟು ಶಾಂತಾಳ ಮೇಲೆ ಕಮಾನಿನಂತೆ ಬಾಗಿ ನಿಂತು, ಗುಂಪಿನ ಭಾರವನ್ನೆಲ್ಲ ಬೆನ್ನಿಗೆ ತೆಗೆದುಕೊಂಡರು. ಕಾಕಾ ಅವರ ಕಾಲ ಸಂದಿಯಲ್ಲಿ ತೂರಿ ಕೂತು ಗಂಟನ್ನು ಹಲ್ಲಿನಿಂದ ಬಿಚ್ಚಿದರು. ಶಾಂತಾಳ ಮಣಿಕಟ್ಟು ಮುರಿದಿತ್ತು. ಉಸಿರಿತ್ತು.

ಲಾಠಿ ಬೀಸಲು ಹೇಳಿದ್ದೂ ಅದೇ ಮನುಷ್ಯ. ಇದನ್ನು ನಾನು ಮರೆತಿಲ್ಲ. ಎರಡನ್ನೂ ಒಟ್ಟಿಗೆ ಹೇಗೆ ಇಟ್ಟುಕೊಳ್ಳಬೇಕೋ ನನಗಿನ್ನೂ ತಿಳಿದಿಲ್ಲ.

ವಾರದ ಮೇಲೆ ಅವರು ಸಾದಾ ಅಂಗಿಯಲ್ಲಿ ಅಂಗಡಿಗೆ ಬಂದರು. ಹುಡುಗಿ ಹೇಗಿದ್ದಾಳೆ ಎಂದು ಕೇಳಿದರು. ತಮ್ಮದು ದೂರದ ಗೋದಾವರಿ ದಂಡೆಯ ಊರು, ನಾರಾಯಣಪೇಟೆಯಲ್ಲಿ ತಮಗೆ ಯಾರೂ ಇಲ್ಲ ಅಂದರು. "ಅಸಲು ನಾಕು ಅಕ್ಕೇ ಲೇದು ಪೆದ್ದಾಯನಾ." ಅಕ್ಕನೇ ಇಲ್ಲ!

ಕಾಕಾ ಅವರ ಕಿವಿಗಳನ್ನು ದಿಟ್ಟಿಸಿ ನೋಡಿದರು. ಆಮೇಲೆ, "ಹಂಗಾರ ನಿಮ್ಮ ಕಿವಿ ತಪ್ಪ್ಯಾವ್ರೀ ಸಾಹೇಬ್ರ, ನನ್ನ ಲೆಕ್ಕ ಅಲ್ಲ. ಚಾ ಕುಡೀರಿ" ಅಂದರು. ಇನ್ಸ್‌ಪೆಕ್ಟರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಕಪ್ಪು ಎತ್ತಿ ಚಹಾ ಕುಡಿದರು.

ಹಾಸ್ಟೆಲು ಮುಚ್ಚಿದ್ದರಿಂದ, ಕೈಗೆ ಪಟ್ಟಿ ಹಾಕಿಸಿಕೊಂಡ ಶಾಂತಾ ನಮ್ಮ ಮನೆಯಲ್ಲೇ ಉಳಿದಳು. ಇಬ್ಬರೂ ನಡುಮನೆಯ ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದೆವು. ಮಲಗುವುದೆಲ್ಲಿ? ಕಣ್ಣು ಹತ್ತಿದೊಡನೆ ಆ ಗೇಟು ಬಾಗುತ್ತಿತ್ತು. ಒಬ್ಬಳು ಕಿರುಚಿದರೆ ಇನ್ನೊಬ್ಬಳು ಎದ್ದು ಕೂರುತ್ತಿದ್ದಳು. ಹಗಲಿನಲ್ಲೂ ಅಷ್ಟೇ. ಅಂಗಡಿಯಲ್ಲಿ ಒಂದು ಮುಚ್ಚಳ ಕೆಳಗೆ ಬಿದ್ದರೆ ನಾನು ಗಲ್ಲಾದ ಮೇಜಿನ ಕೆಳಗೆ ಕೂತಿರುತ್ತಿದ್ದೆ. ಕಾಕಾ ಅದನ್ನು ನೋಡಿದರು. ಮರುದಿನ ನೋಡಿದರೆ ತಟ್ಟೆ ತಟ್ಟೆಯ ನಡುವೆ ಹಳೆಯ ಪೇಪರು, ಪ್ರತಿ ಹಂಡೆಯ ಬುಡಕ್ಕೆ ಗೋಣಿ! ಗಿರಾಕಿಗಳು ಕೊಡ ಬಡಿದು ನೋಡಲು ಹೋದರೆ, "ಬಡೀಬ್ಯಾಡ್ರಿ, ಅದು ಮಲಗೈತಿ" ಎನ್ನುತ್ತಿದ್ದರು. ಸ್ಟೀಲಿನ ಅಂಗಡಿ ಗುಡಿಯಷ್ಟು ಮೌನವಾಯಿತು. ವ್ಯಾಪಾರವೂ.

ಕೊನೆಗೊಂದು ಶನಿವಾರ ಸುತ್ತೋಲೆ ಬಂತು. ಓದುತ್ತಿರುವವರಿಗೆ ಹಳೆಯ ಫೀಸೇ, ಸೋಮವಾರದಿಂದ ತರಗತಿ.

ಆ ಸೋಮವಾರ ನನಗೆ ಎಚ್ಚರವಾದಾಗ ಗೋಡೆಯ ಮೇಲೆ ಬಿಸಿಲು ಇಳಿದಿತ್ತು. ಶಾಂತಾ ಪಟ್ಟಿ ಕಟ್ಟಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದಳು. ರಾತ್ರಿ ಒಮ್ಮೆಯೂ ಎದ್ದಿಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವಳನ್ನು ಎಬ್ಬಿಸಿದೆ. ಗಡಿಬಿಡಿಯಲ್ಲಿ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲು ತೆರೆದೆವು.

ಹೊಸ್ತಿಲಿಗೆ ಅಡ್ಡವಾಗಿ, ಬರೀ ಚಾಪೆಯ ಮೇಲೆ, ಏಟು ಬಿದ್ದ ಹೆಗಲು ಮೇಲೆ ಮಾಡಿಕೊಂಡು ಕಾಕಾ ಮಲಗಿದ್ದರು.

ಅಡುಗೆಮನೆಯಿಂದ ಅವ್ವ ಸುಮ್ಮನಿರಿ ಎಂದು ಕೈ ಮಾಡಿದಳು. ಹತ್ತಿರ ಬಂದು ಪಿಸುಗುಟ್ಟಿದಳು. "ಆವತ್ತಿನಿಂದ ದಿನಾ ಇಲ್ಲೇ ಮಲಗ್ತಾನ. ನೀವು ಚೀರಿದಾಗೆಲ್ಲ ಎದ್ದು ಕೂಡ್ತಿದ್ದ. ಹುಡುಗ್ಯಾರಿಗೆ ಹೇಳಬ್ಯಾಡ ಅಂದಿದ್ದ. ನಿನ್ನೆ ನೀವೂ ಎದ್ದಿಲ್ಲ, ಅವನೂ ಎದ್ದಿಲ್ಲ."

ಶಾಂತಾ ಒಂದು ಕಾಲೆತ್ತಿದಳು. ಮಲಗಿದವರನ್ನು ದಾಟಬಾರದು. ಅವಳೇ ಕಾಲು ಹಿಂದಕ್ಕೆ ತೆಗೆದುಕೊಂಡು, ಹೊಸ್ತಿಲ ಒಳಗೇ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ನಾನೂ ಕೂತೆ. ದೂರದಲ್ಲಿ ಗದ್ವಾಲಿನ ಬಸ್ಸು ಹಾರ್ನ್ ಹಾಕಿತು.

"ಹೋಗಲಿ ಬಿಡು" ಅಂದಳು ಶಾಂತಾ, ಕಾಕಾಗೆ ಕೇಳಿಸದಷ್ಟು ಮೆಲ್ಲಗೆ.